ನಕ್ಷತ್ರಸ್ಥ ಗ್ರಹಫಲವೂ ಪಾಠನಿರ್ಣಯವೂ

ಜಾತಕಗ್ರಂಥಗಳಲ್ಲಿ ಚಂದ್ರನು ನಿಂತ ನಕ್ಷತ್ರದಿಂದ ಫಲವನ್ನು ಹೇಳುವ ಕ್ರಮ ಪ್ರಾಚೀನವಾದುದು. ವರಾಹಮಿಹಿರನ ಬೃಹಜ್ಜಾತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಇಂತಹ ವಾಕ್ಯಗಳುಳ್ಳ ಓಲೆಪ್ರತಿಗಳನ್ನು ಸಂಪಾದಿಸುವಾಗ ಅಶ್ವಿನ್ಯಾದಿಯಾದ, 13 ಅಂಶ 20 ಕಲೆಗಳ 27 ಸಮಭಾಗಗಳನ್ನೇ ಏಕಮಾತ್ರ ಗಣನೆಯೆಂದು ಹಿಡಿದು, ಅದಕ್ಕೆ ಒಗ್ಗದ ಪಾಠವನ್ನು ಲಿಪಿಕಾರನ ಪ್ರಮಾದವೆಂದು ತಿದ್ದುವುದುಂಟು. ಜೈನ ಭಂಡಾರಗಳ ಪ್ರತಿಗಳಿಗೆ ಸಂಬಂಧಿಸಿದಂತೆ ಈ ಪದ್ಧತಿಯು ವಿಚಾರಾರ್ಹವಾಗಿದೆ.

ಆಗಮದ ಗಣನೆ ಬೇರೆ. ಅಲ್ಲಿ ಅಭಿಜಿತ್ತು ಸೇರಿ ನಕ್ಷತ್ರಗಳು 28. ಅವುಗಳ ವಿಸ್ತಾರವೂ ಸಮಾನವಲ್ಲ. ಚಂದ್ರನೊಡನೆ ಅಭಿಜಿತ್ತಿನ ಯೋಗ 9 27/67 ಮುಹೂರ್ತ. ಶತಭಿಷಾ, ಭರಣಿ, ಆರ್ದ್ರಾ, ಆಶ್ಲೇಷಾ, ಸ್ವಾತಿ, ಜ್ಯೇಷ್ಠಾಗಳಿಗೆ 15. ಮೂರು ಉತ್ತರೆಗಳು, ಪುನರ್ವಸು, ರೋಹಿಣಿ, ವಿಶಾಖೆಗಳಿಗೆ 45. ಉಳಿದ ಹದಿನೈದಕ್ಕೆ 30 ಮುಹೂರ್ತ. ಒಟ್ಟು 819 27/67 ಮುಹೂರ್ತ, ಎಂದರೆ 27 ದಿನಗಳಿಗಿಂತ ಸ್ವಲ್ಪ ಹೆಚ್ಚು. ಇದು ಚಂದ್ರನ ನಾಕ್ಷತ್ರಮಾಸಕ್ಕೆ ಬಹುಸಮೀಪವಾದುದು.

ಈ ಭೇದದಿಂದ ಫಲವು ಹೇಗೆ ವ್ಯತ್ಯಾಸವಾಗುವುದೆಂಬುದಕ್ಕೆ ಒಂದು ನಿದರ್ಶನ ಸಾಕು. ಮಿಥುನದ 15ನೆಯ ಅಂಶದ ಅಂತ್ಯದಲ್ಲಿ ಚಂದ್ರನಿದ್ದಾನೆಂದಿಟ್ಟುಕೊಳ್ಳೋಣ. ಸಮವಿಭಾಗದಲ್ಲಿ ಅವನು ಆರ್ದ್ರಾಸ್ಥನು. ದೇವತೆ ರುದ್ರ, ವಿಂಶೋತ್ತರಿಯಲ್ಲಿ ರಾಹುದಶೆ. ಮೇಲಿನ ಪ್ರಮಾಣವನ್ನೇ ಮೇಷಾದಿಯಿಂದ ರಾಶಿಚಕ್ರಕ್ಕೆ ಅನ್ವಯಿಸಿದರೆ ಆರ್ದ್ರೆಯು ಸುಮಾರು 72 ಅಂಶ 30 ಕಲೆಗೇ ಮುಗಿಯುತ್ತದೆ. 75ನೆಯ ಅಂಶದ ಚಂದ್ರನು ಪುನರ್ವಸುವಿನವನು. ದೇವತೆ ಅದಿತಿ, ದಶೆ ಗುರುವಿನದು. ವ್ಯಾಖ್ಯಾನವು ಬುಡಸಮೇತ ಬದಲಾಯಿತು.

ಎಣಿಕೆಯ ಆದಿಯೂ ಹೀಗೆಯೇ. 'ಏಳನೆಯ ನಕ್ಷತ್ರ' ಎಂದರೆ ಅಶ್ವಿನ್ಯಾದಿಯಲ್ಲಿ ಪುನರ್ವಸು, ಕೃತ್ತಿಕಾದಿಯಲ್ಲಿ ಆಶ್ಲೇಷಾ, ಅಭಿಜಿದಾದಿಯಲ್ಲಿ ರೇವತಿ. ಸೂರ್ಯಪ್ರಜ್ಞಪ್ತಿಯು ಹತ್ತನೆಯ ಪ್ರಾಭೃತದಲ್ಲಿ ಕೃತ್ತಿಕಾ, ಮಘಾ, ಧನಿಷ್ಠಾ, ಅಶ್ವಿನೀ, ಭರಣಿಗಳಿಂದ ಎಣಿಸುವ ಪರಮತಗಳನ್ನು ಹೇಳಿ, ಅಭಿಜಿತ್ತಿನಿಂದ ಎಣಿಸುವುದನ್ನು ಸ್ವಮತವೆಂದು ಸ್ಥಾಪಿಸುತ್ತದೆ. ಆಗಮವೇ ಮತಭೇದವನ್ನು ಅರಿತು ದಾಖಲಿಸಿರುವಾಗ ಸಂಪಾದಕನು ಅದನ್ನು ಅಳಿಸುವುದು ಯುಕ್ತವಲ್ಲ.

ಹಾಗೆಂದು ಜೈನಕರ್ತೃಕವಾದ ಪ್ರತಿಯೊಂದು ಜಾತಕಗ್ರಂಥಕ್ಕೂ ಆಗಮದ ವಿಭಾಗವನ್ನು ಆರೋಪಿಸುವುದೂ ಸಲ್ಲದು. ಶ್ರೀಧರಾಚಾರ್ಯನು ಜೈನನೆಂಬ ಮಾತ್ರಕ್ಕೆ 1049ರ ಜಾತಕತಿಲಕವು ಅಭಿಜಿದಾದಿ ಗಣನೆಯದೆಂದು ಸಿದ್ಧವಾಗದು. ನಿರ್ಣಯಕ್ಕೆ ಗ್ರಂಥದ ಒಳಸಾಕ್ಷ್ಯವೇ ಪ್ರಮಾಣ. ನಕ್ಷತ್ರಪಾದವನ್ನು ನವಾಂಶದೊಡನೆ ಹೊಂದಿಸಿದ್ದರೆ 27 ಸಮಭಾಗಗಳೇ ಕರ್ತೃವಿನ ಅಭಿಪ್ರಾಯ, ಏಕೆಂದರೆ 108 ಪಾದಗಳೂ 108 ನವಾಂಶಗಳೂ ಕೂಡುವುದು ಅಲ್ಲಿ ಮಾತ್ರ. ಅಭಿಜಿತ್ತಿಗೆ ಸ್ವತಂತ್ರ ಫಲವನ್ನೋ ಮುಹೂರ್ತಮಾನವನ್ನೋ ಹೇಳಿದ್ದರೆ 28ರ ಗಣನೆಯನ್ನು ಶಂಕಿಸಬೇಕು. ಎರಡೂ ಕಂಡರೆ ಗ್ರಂಥವು ಮಿಶ್ರಪರಂಪರೆಯದೇ, ಪ್ರಕ್ಷೇಪವಿದೆಯೇ ಎಂದು ಪರಿಶೀಲಿಸಬೇಕು.

ಆದುದರಿಂದ ಮೂಲಪ್ರತಿಯ ಪಾಠವು ಮೇಲೆಯೇ ನಿಲ್ಲಲಿ, ತಿದ್ದುಪಡಿಯು ಅಡಿಟಿಪ್ಪಣಿಯಲ್ಲಿರಲಿ. ಫಲಕ್ಕೆ ಕಾರಣ ಕರ್ಮೋದಯ, ಗ್ರಹವು ಸೂಚಕಮಾತ್ರ ಎಂಬ ಸಿದ್ಧಾಂತವನ್ನು ಒಪ್ಪಿದವರಿಗೂ ಸೂಚನೆಯ ಅಕ್ಷರವು ಶುದ್ಧವಾಗಿರಬೇಕಾದುದು ಅವಶ್ಯ. ತಿದ್ದಿಹೋದ ಒಂದು ಸಂಖ್ಯೆಯೊಡನೆ ಒಂದು ಗಣನಾಸಂಪ್ರದಾಯದ ಸಾಕ್ಷ್ಯವೂ ಅಳಿದುಹೋಗುತ್ತದೆ.