ಹೇಳದ ಕಥೆ, ಹೊಸ್ತಿಲ ಜೋಡು: ‘ಕಗ್ಗಂಟು’ ಕಥೆಯಲ್ಲಿ ಆಪ್ತತೆ ಮತ್ತು ನಿರಾಕರಣೆ

ಇಬ್ಬರು ಗಂಡಸರ ನಡುವಣ ಪ್ರೇಮವನ್ನು ನಿರೂಪಿಸುವ ಕಥನಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತದೆ. ಆ ಸಂಬಂಧವನ್ನು ‘ಗಾಢ ಸ್ನೇಹ’ವೆಂದು ಕರೆದು ಮುಂದೆ ಸಾಗುವುದು ಒಂದು, ಪ್ರೇಮವನ್ನು ಅಲ್ಲಗಳೆದವನನ್ನು ವಂಚಕನೆಂದು ತೀರ್ಮಾನಿಸುವುದು ಇನ್ನೊಂದು. ಈ ಎರಡೂ ದಾರಿಗಳು ಸಾಲವು ಎಂಬುದನ್ನು, ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಸಂಕಲನದ ‘ಕಗ್ಗಂಟು’ ಕಥೆಯನ್ನು ಮುಂದಿಟ್ಟುಕೊಂಡು, ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಪದವನ್ನು ಗಮನಿಸಬಹುದು. ಕೋಟುಮಚಗಿ, ನರೇಗಲ್ಲ ಸುತ್ತಿನ ಗದಗ ಸೀಮೆಯೂ ಸೇರಿದಂತೆ ಉತ್ತರ ಕರ್ನಾಟಕದ ಹಾಡು-ಮಾತುಗಳಲ್ಲಿ ‘ಗೆಣೆಯ’ ಎಂಬ ಪದವಿದೆ. ಗಂಡಸೊಬ್ಬನು ಇನ್ನೊಬ್ಬ ಗಂಡಸನ್ನು ಕುರಿತು ಈ ಪದವನ್ನು ಬಳಸಿದರೆ ಕೇಳುಗರಿಗೆ ಗೆಳೆಯನೆಂಬ ಅರ್ಥ ಹೊಳೆಯುತ್ತದೆ. ಹೆಣ್ಣಿನ ಬಾಯಲ್ಲಿ ಅದೇ ಪದ ಬಂದರೆ ಪ್ರಿಯಕರನೆಂಬ ಅರ್ಥ ಹೊಳೆಯುತ್ತದೆ. ಪದ ಒಂದೇ, ಅರ್ಥವನ್ನು ನಿರ್ಧರಿಸುವುದು ಆಡಿದವರು ಯಾರು ಎಂಬ ಸಂಗತಿ. ಗಂಡಸರಿಬ್ಬರ ಪ್ರೇಮಕ್ಕೆ ಭಾಷೆಯಲ್ಲಿ ಪದವಿಲ್ಲವೆಂದಲ್ಲ. ಇದ್ದ ಪದ ಪ್ರೇಮಕ್ಕೆ ಸಲ್ಲದಂತೆ ಕೇಳುಗರ ಕಿವಿ ಪಳಗಿದೆ.

ಈ ಕಿವಿಯ ಸ್ವಭಾವವನ್ನು ಅರಿಯಲು ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಅವರ ಮರಣಾನಂತರ 1997ರಲ್ಲಿ ಪ್ರಕಟವಾದ ಸಂಕಲನದಲ್ಲಿರುವ ಕನ್ನಡ ಜನಪದ ಕಥೆಯೊಂದು ನೆರವಾಗುತ್ತದೆ. ಗೃಹಿಣಿಯೊಬ್ಬಳಿಗೆ ಒಂದು ಕಥೆ ಮತ್ತು ಒಂದು ಹಾಡು ಗೊತ್ತು. ಅವನ್ನು ಅವಳು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ತೆರೆದ ಬಾಯಿಂದ ಹೊರಬೀಳುತ್ತವೆ. ಕಥೆ ಜೋಡಾಗಿ ಬಾಗಿಲಲ್ಲಿ ಕೂರುತ್ತದೆ. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ತೂಗುತ್ತದೆ. ಗಂಡ ಸಂಶಯಪಟ್ಟು, ಜಗಳವಾಡಿ, ಹನುಮಪ್ಪನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪದ ಕುಡಿಗಳು ರಾತ್ರಿ ಅಲ್ಲಿ ಸೇರಿ ಆಡುವ ಮಾತಿನಿಂದ ಅವನಿಗೆ ನಿಜ ತಿಳಿಯುತ್ತದೆ. ಮರಳಿ ಬಂದು ಕೇಳಿದರೆ ಅವಳಿಗೆ ಕಥೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ. ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಈ ಆಶಯವನ್ನು ಬಳಸಿಕೊಂಡಿರುವುದು ಸುಪರಿಚಿತ.

‘ಕಗ್ಗಂಟು’ ಈ ಆಶಯವನ್ನು ತಿರುವುಮುರುವು ಮಾಡುತ್ತದೆ. ಮೋಹನಸ್ವಾಮಿ ಮತ್ತು ಕಾರ್ತಿಕ್ ಒಂದೇ ಮನೆಯಲ್ಲಿ ಬಾಳಿದವರು. ಗಂಡಸರಿಬ್ಬರ ಮನೆಯ ಹೊಸ್ತಿಲಲ್ಲಿ ಎರಡು ಜೊತೆ ಜೋಡುಗಳಿದ್ದರೆ ಯಾರೂ ಸಂಶಯಪಡುವುದಿಲ್ಲ. ಅವಿವಾಹಿತ ಗೆಳೆಯರು ಕೂಡಿ ಬಾಳುವುದು ನಗರದಲ್ಲಿ ರೂಢಿಯ ಮಾತು. ಹೀಗಾಗಿ ಇಲ್ಲಿ ಹೇಳದ ಕಥೆ ಎಂಥ ರೂಪ ತಾಳಿದರೂ ಅದು ಸಾಕ್ಷಿಯಾಗುವುದಿಲ್ಲ. ಆಪ್ತತೆಗೆ ಆಸರೆಯಾದ ಈ ಮರೆಯೇ ನಿರಾಕರಣೆಗೂ ಆಸರೆಯಾಗುತ್ತದೆ. ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಅವನು ಹೊಸದೊಂದು ಸುಳ್ಳನ್ನು ಕಟ್ಟಬೇಕಿಲ್ಲ. ಸಮಾಜ ಮೊದಲೇ ಕೊಟ್ಟಿದ್ದ ‘ಗೆಳೆಯ’ ಎಂಬ ಅರ್ಥಕ್ಕೆ ಸುಮ್ಮನೆ ಹಿಂದಿರುಗಿದರೆ ಸಾಕು. ಬಿಟ್ಟುಹೋದ ದುಃಖಕ್ಕಿಂತ, ಕಳೆದುಕೊಂಡದ್ದು ಏನೆಂದು ಯಾರಿಗೂ ಹೇಳಲಾಗದ ದುಃಖ ಮೋಹನಸ್ವಾಮಿಗೆ ಉಳಿಯುತ್ತದೆ.

ಆನಿ ಪ್ರೂ ಅವರ ‘ಬ್ರೋಕ್‌ಬ್ಯಾಕ್ ಮೌಂಟನ್’ (1997) ಕಥೆಯೊಡನೆ ಹೋಲಿಸಿದರೆ ಈ ಅಂಶ ಸ್ಪಷ್ಟವಾಗುತ್ತದೆ. ಅಲ್ಲಿ ಪ್ರೇಮಿಗಳಿಬ್ಬರೂ ಹೆಣ್ಣುಗಳನ್ನು ಮದುವೆಯಾಗಿ, ಮೀನು ಹಿಡಿಯುವ ನೆಪದಲ್ಲಿ ಸಂಧಿಸುತ್ತಾರೆ. ಬಳಕೆಯಾಗದೆ ಉಳಿದ ಮೀನಿನ ಬುಟ್ಟಿ ಒಬ್ಬನ ಹೆಂಡತಿಗೆ ಸತ್ಯವನ್ನು ತಿಳಿಸುತ್ತದೆ. ವಸ್ತುವು ಸಾಕ್ಷಿಯಾಗುವುದು ಅದನ್ನು ಓದಬಲ್ಲ ಕಣ್ಣು ಮನೆಯಲ್ಲಿದ್ದಾಗ ಮಾತ್ರ.

ಹಾಗೆಂದು ಕಾರ್ತಿಕನನ್ನು ವಂಚಕನೆನ್ನುವುದು ಅವಸರದ ಓದಾಗುತ್ತದೆ. ಕಥೆ ಮೋಹನಸ್ವಾಮಿಯ ಕಣ್ಣಳತೆಯಲ್ಲಿ ಸಾಗುವುದರಿಂದ ಕಾರ್ತಿಕನ ಒಳಮನಸ್ಸು ನಮಗೆ ದೊರೆಯುವುದಿಲ್ಲ. ಅವನ ಮದುವೆ ಭಯವೋ, ಬಯಕೆಯೋ, ಮನೆತನದ ಒತ್ತಾಯವೋ ಎಂಬುದನ್ನು ಒಂದೇ ಉತ್ತರಕ್ಕೆ ಇಳಿಸಲಾಗದು. ಮನೆಗೆ ಬರಲಿರುವ ಹೆಣ್ಣಿನ ಬಾಳೂ ಈ ಮೌನದ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನಂತೂ ಮರೆಯಲಾಗದು.

ಜನಪದ ಸಮಾಜ ಭಿನ್ನ ಲಿಂಗಭಾವಕ್ಕೆ ಸ್ಥಾನವನ್ನೇ ಕೊಟ್ಟಿಲ್ಲವೆಂದಲ್ಲ. ಸವದತ್ತಿ ಎಲ್ಲಮ್ಮನ ಪರಂಪರೆಯ ಜೋಗಪ್ಪಂದಿರು ದೈವದ ಹೆಸರಿನಲ್ಲಿ ಸೀರೆಯುಟ್ಟು ಊರ ನಡುವೆ ಗುರುತಾಗುತ್ತಾರೆ. ಆದರೆ ಗಂಡಸರಾಗಿಯೇ ಉಳಿದು ಪರಸ್ಪರ ಪ್ರೀತಿಸುವವರಿಗೆ ಅಂಥ ದೈವದ ಹೊಣೆಯಿಲ್ಲ. ಕಾನೂನು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅಪರಾಧದ ಹಣೆಪಟ್ಟಿಯನ್ನು ತೆಗೆಯಿತು. 2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. ಹೀಗಾಗಿ ಕಾರ್ತಿಕನಿಗೆ ತೆರೆದಿದ್ದ ಬಾಗಿಲು ಮತ್ತು ಮೋಹನಸ್ವಾಮಿಗೆ ಮುಚ್ಚಿದ್ದ ಬಾಗಿಲು ಇವುಗಳ ಅಂತರ ಇಂದಿಗೂ ಅಳಿದಿಲ್ಲ.

ಜನಪದದಲ್ಲಿ ಬರುವ ಗೆಳೆಯರ ಜೋಡಿಗಳನ್ನೆಲ್ಲ ಪ್ರೇಮಿಗಳೆಂದು ಓದಬೇಕೆಂಬುದು ಇಲ್ಲಿನ ವಾದವಲ್ಲ; ಗೆಳೆತನಕ್ಕೂ ತನ್ನದೇ ಘನತೆಯಿದೆ. ಆದರೆ ಪಠ್ಯವು ಪ್ರೇಮವೆಂದು ಹೇಳಿದ್ದನ್ನು ವಿಮರ್ಶೆ ಗೆಳೆತನವೆಂದು ಕರೆದರೆ, ಅದು ಪಾತ್ರದ ನಿರಾಕರಣೆಯನ್ನು ವಿವರಿಸುವುದಿಲ್ಲ, ಮುಂದುವರಿಸುತ್ತದೆ. ಜನಪದ ಕಥೆಯ ಗೃಹಿಣಿ ಕಡೆಗೆ ತನ್ನ ಕಥೆಯನ್ನೇ ಮರೆತಳು. ಮೋಹನಸ್ವಾಮಿಯ ಕಥೆ ಆ ಮರೆವಿಗೆ ಸಂದಾಯವಾಗದೆ ಕನ್ನಡದಲ್ಲಿ ಅಚ್ಚಾಗಿದೆ. ಅದನ್ನು ಅದರ ಹೆಸರಿನಿಂದಲೇ ಕರೆಯುವುದು ಓದುಗರ ಹೊಣೆ.