ರೋಸೆನ್‌ವಾಲ್ಡ್ ಶಾಲೆಗಳ ಜಮಾಖರ್ಚು

ದಾನವನ್ನು ಅದರ ಮೊತ್ತದಿಂದ ಅಳೆಯುವುದು ಲೋಕರೂಢಿ. ಯಾರು ಎಷ್ಟು ಕೊಟ್ಟರೆಂಬುದೇ ಸಭೆಯಲ್ಲಿ ಘೋಷಣೆಯಾಗುತ್ತದೆ, ಶಿಲಾಫಲಕದಲ್ಲಿ ಅಚ್ಚಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕಿಂತ ನಿಷ್ಠುರವಾದ ಅಳತೆಯೊಂದಿದೆ. ಕೊಡುವ ವಿಧಾನ, ಕೊಡುವ ದ್ರವ್ಯ, ಕೊಡುವವನು, ಪಡೆಯುವವನು ಈ ನಾಲ್ಕರ ವಿಶೇಷದಿಂದಲೇ ದಾನದಲ್ಲಿ ವಿಶೇಷವುಂಟಾಗುತ್ತದೆಂಬುದು ಆಚಾರ್ಯರ ಅಭಿಪ್ರಾಯ. ಈ ಅಳತೆಗೋಲನ್ನು ಹಿಡಿದು, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿ 1912ರಿಂದ 1932ರವರೆಗೆ ನಡೆದ ಶಾಲಾನಿರ್ಮಾಣ ಕಾರ್ಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ವರ್ಣಭೇದವು ಕಾನೂನಿನಲ್ಲೇ ಬೇರೂರಿದ್ದ ಸಮಾಜದಲ್ಲಿ ಒಬ್ಬ ವರ್ತಕನ ಹಣ ಏನನ್ನು ಸಾಧಿಸಬಲ್ಲದು, ಏನನ್ನು ಸಾಧಿಸಲಾರದು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಲೆಕ್ಕ ಬೇರೆಡೆ ದೊರೆಯುವುದು ಕಷ್ಟ.

ಜೂಲಿಯಸ್ ರೋಸೆನ್‌ವಾಲ್ಡರು ಜರ್ಮನಿಯಿಂದ ವಲಸೆ ಬಂದ ಯಹೂದಿ ವರ್ತಕರೊಬ್ಬರ ಮಗ. 1862ರಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜನಿಸಿದರು. ಸಿದ್ಧ ಉಡುಪುಗಳ ವ್ಯಾಪಾರದಿಂದ ಆರಂಭಿಸಿ, ಅಂಚೆಯ ಮೂಲಕ ಹಳ್ಳಿಹಳ್ಳಿಗೆ ಸರಕು ಮಾರುತ್ತಿದ್ದ ಸಿಯರ್ಸ್ ರೋಬಕ್ ಸಂಸ್ಥೆಯ ಪಾಲುದಾರರಾಗಿ, 1908ರಲ್ಲಿ ಅದರ ಅಧ್ಯಕ್ಷರಾದರು. ಅದೇ ವರ್ಷ ಅವರ ಹುಟ್ಟೂರಿನಲ್ಲಿ ಬಿಳಿಯರ ಗುಂಪೊಂದು ಕಪ್ಪುಜನರ ಮನೆ ಅಂಗಡಿಗಳನ್ನು ಸುಟ್ಟುಹಾಕಿತು. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಬ್ರಹಾಂ ಲಿಂಕನ್ನರು ಬಾಳಿದ ಊರು ಅದು. 1911ರಲ್ಲಿ ರೋಸೆನ್‌ವಾಲ್ಡರಿಗೆ ಬುಕರ್ ಟಿ. ವಾಷಿಂಗ್ಟನ್ನರ ಪರಿಚಯವಾಯಿತು. ಗುಲಾಮರಾಗಿ ಹುಟ್ಟಿ, ಅಲಬಾಮದ ಟಸ್ಕೀಗಿಯಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ವಾಷಿಂಗ್ಟನ್ನರು.

ಆ ಕಾಲದ ದಕ್ಷಿಣದ ಸ್ಥಿತಿಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಪ್ರತ್ಯೇಕವಾಗಿದ್ದರೂ ಸಮಾನವಾಗಿದ್ದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ತೀರ್ಪಿತ್ತಿತ್ತು. ಪ್ರತ್ಯೇಕತೆ ಚಾಚೂ ತಪ್ಪದೆ ಜಾರಿಗೆ ಬಂತು, ಸಮಾನತೆ ಕಾಗದದಲ್ಲೇ ಉಳಿಯಿತು. ಕಪ್ಪುಜನರೂ ತೆರಿಗೆ ಕಟ್ಟುತ್ತಿದ್ದರು, ಆದರೆ ಮತದಾನದ ಹಕ್ಕನ್ನು ಅವರಿಂದ ಕಸಿದುಕೊಂಡಿದ್ದುದರಿಂದ ಆ ತೆರಿಗೆಯ ವಿನಿಯೋಗದಲ್ಲಿ ಅವರ ಮಾತಿಗೆ ಬೆಲೆಯಿರಲಿಲ್ಲ. ಜಿಲ್ಲಾ ಶಿಕ್ಷಣ ಮಂಡಳಿಗಳು ಬಿಳಿಯರ ಕೈಯಲ್ಲಿದ್ದವು. ಕಪ್ಪು ಮಕ್ಕಳು ಚರ್ಚುಗಳಲ್ಲಿಯೂ ಮುರುಕು ಗುಡಿಸಲುಗಳಲ್ಲಿಯೂ ವರ್ಷಕ್ಕೆ ಕೆಲವೇ ತಿಂಗಳು ಓದುತ್ತಿದ್ದರು.

1912ರಲ್ಲಿ ತಮ್ಮ ಐವತ್ತನೆಯ ಹುಟ್ಟುಹಬ್ಬದ ನಿಮಿತ್ತ ರೋಸೆನ್‌ವಾಲ್ಡರು ಟಸ್ಕೀಗಿಗೆ 25,000 ಡಾಲರುಗಳನ್ನು ಕೊಟ್ಟರು. ಅದರಲ್ಲಿ ಸುಮಾರು 2,800 ಡಾಲರು ಉಳಿಯಿತು. ಈ ಉಳಿಕೆಯಿಂದ ಹಳ್ಳಿಗಳಲ್ಲಿ ಆರು ಸಣ್ಣ ಶಾಲೆಗಳನ್ನು ಕಟ್ಟಿಸಬಹುದೇ ಎಂದು ವಾಷಿಂಗ್ಟನ್ನರು ಬರೆದು ಕೇಳಿದರು. ಉಳಿದ ಹಣವನ್ನು ತಾವಾಗಿಯೇ ದಾತನಿಗೆ ತಿಳಿಸಿ, ಅನುಮತಿ ಪಡೆದು ವಿನಿಯೋಗಿಸುವ ಸಂಸ್ಥೆಗಳು ಎಷ್ಟಿವೆಯೆಂಬುದನ್ನು ದತ್ತಿಗಳ ಲೆಕ್ಕ ನೋಡಿ ಬಲ್ಲವರು ಊಹಿಸಿಕೊಳ್ಳಬಹುದು. ಮುಂದಿನದೆಲ್ಲವೂ ಈ ಆರು ಶಾಲೆಗಳಿಂದ ಬೆಳೆದದ್ದು. 1917ರಲ್ಲಿ ರೋಸೆನ್‌ವಾಲ್ಡ್ ನಿಧಿ ಸ್ಥಾಪನೆಯಾಯಿತು. 1932ರಲ್ಲಿ ಕಾರ್ಯಕ್ರಮ ಮುಗಿಯುವ ವೇಳೆಗೆ 15 ರಾಜ್ಯಗಳಲ್ಲಿ 4,977 ಶಾಲೆಗಳು, 217 ಶಿಕ್ಷಕರ ಮನೆಗಳು, 163 ಕಸುಬುಶಾಲೆಗಳು ನಿಂತಿದ್ದವು.

ಈಗ ಜಮಾಖರ್ಚನ್ನು ನೋಡೋಣ. ಒಟ್ಟು ವೆಚ್ಚ ಸುಮಾರು 2 ಕೋಟಿ 84 ಲಕ್ಷ ಡಾಲರು. ರೋಸೆನ್‌ವಾಲ್ಡರ ಪಾಲು ಸುಮಾರು 43 ಲಕ್ಷ, ಎಂದರೆ ಶೇಕಡಾ 15. ಸಾರ್ವಜನಿಕ ತೆರಿಗೆಯಿಂದ ಬಂದದ್ದು ಶೇಕಡಾ 64. ಸ್ಥಳೀಯ ಬಿಳಿಯರು ಸ್ವಂತವಾಗಿ ಕೊಟ್ಟದ್ದು ಶೇಕಡಾ 4. ಉಳಿದ ಸುಮಾರು 47 ಲಕ್ಷ ಡಾಲರು, ಅಂದರೆ ಶೇಕಡಾ 17ರಷ್ಟನ್ನು ಕೊಟ್ಟವರು ಕಪ್ಪುಜನರೇ. ದಾತನ ಹೆಸರಿನಿಂದ ಪ್ರಸಿದ್ಧವಾದ ಶಾಲೆಗಳಿಗೆ ದಾತನಿಗಿಂತ ಹೆಚ್ಚು ಕೊಟ್ಟವರು ಪಾತ್ರರೆನಿಸಿಕೊಂಡವರು! ಅವರಲ್ಲಿ ಬಹುಪಾಲು ಗೇಣಿದಾರರು, ಕೂಲಿಯಾಳುಗಳು. ಹತ್ತಿಯ ಹೊಲದಲ್ಲಿ ಒಂದು ತುಂಡನ್ನು ಶಾಲೆಗೆಂದೇ ಮೀಸಲಿಟ್ಟು ಬೆಳೆದರು, ಮರ ಕಡಿದು ದಿಮ್ಮಿ ಸಾಗಿಸಿದರು, ನಿವೇಶನ ಬಿಟ್ಟುಕೊಟ್ಟರು, ಹೆಂಗಸರು ಅಡುಗೆ ಮಾಡಿ ಮಾರಿ ಹಣ ಕೂಡಿಸಿದರು.

ಹೀಗಾದದ್ದು ಆಕಸ್ಮಿಕವಲ್ಲ, ಷರತ್ತಿನ ಫಲ. ಊರಿನವರು ಹಣವನ್ನೋ ಭೂಮಿಯನ್ನೋ ದುಡಿಮೆಯನ್ನೋ ಕೊಡಬೇಕು; ಜಿಲ್ಲಾ ಮಂಡಳಿಯೂ ತನ್ನ ಪಾಲು ಹಾಕಬೇಕು; ಭೂಮಿ ಕಟ್ಟಡಗಳೆರಡನ್ನೂ ಮಂಡಳಿಯ ಹೆಸರಿಗೆ ಬರೆದುಕೊಡಬೇಕು; ಮುಂದೆ ಅದನ್ನು ಮಂಡಳಿಯೇ ನಡೆಸಬೇಕು. ಇವೆಲ್ಲ ಕೂಡಿಬಂದರೆ ಮಾತ್ರ ನಿಧಿಯ ಹಣ.

ಈ ಷರತ್ತನ್ನು ಸ್ವಾವಲಂಬನೆಯ ಪಾಠವೆಂದು ಹೊಗಳಿದವರುಂಟು. ಆ ಹೊಗಳಿಕೆಯನ್ನು ಒಪ್ಪುವುದು ನನಗೆ ಸಾಧ್ಯವಾಗಿಲ್ಲ. ಪಕ್ಕದ ಬಿಳಿಯರ ಶಾಲೆಗೆ ತೆರಿಗೆಯ ಹಣ ಧಾರಾಳವಾಗಿ ಹರಿಯುತ್ತಿದ್ದಾಗ, ಅದೇ ತೆರಿಗೆಯನ್ನು ಕಟ್ಟಿದ ಬಡವನಿಗೆ ಮತ್ತೊಮ್ಮೆ ವಂತಿಗೆ ಹಾಕೆಂದು ಹೇಳುವುದು ಯಾವ ಸ್ವಾವಲಂಬನೆ? ಇತಿಹಾಸಕಾರ ಜೇಮ್ಸ್ ಆಂಡರ್ಸನ್ನರು ದಕ್ಷಿಣದ ಕಪ್ಪುಜನರ ಶಿಕ್ಷಣವನ್ನು ಕುರಿತ 1988ರ ತಮ್ಮ ಗ್ರಂಥದಲ್ಲಿ ಇದನ್ನು ಇಮ್ಮಡಿ ತೆರಿಗೆಯೆಂದು ಕರೆದಿದ್ದಾರೆ. ಲೆಕ್ಕ ಬಲ್ಲ ಯಾರಿಗೂ ಈ ಮಾತು ಉತ್ಪ್ರೇಕ್ಷೆಯಾಗಿ ತೋರದು.

ಆದರೆ ಅದೇ ಲೆಕ್ಕದಲ್ಲಿ ಶೇಕಡಾ 64 ಎಂಬ ಅಂಕಿಯೂ ಇದೆ. ಕಪ್ಪು ಮಕ್ಕಳಿಗೆಂದು ಕೈಬಿಚ್ಚಲು ಮನಸ್ಸಿಲ್ಲದ ಮಂಡಳಿಗಳಿಂದ ಸುಮಾರು 1 ಕೋಟಿ 81 ಲಕ್ಷ ಡಾಲರನ್ನು ಹೊರಗೆಳೆದದ್ದು ಈ ಷರತ್ತೇ. ರೋಸೆನ್‌ವಾಲ್ಡರು ತಮ್ಮ ಹಣದಿಂದಲೇ ಖಾಸಗಿ ಶಾಲೆಗಳನ್ನು ಕಟ್ಟಿಸಿದ್ದರೆ ಸಂಖ್ಯೆ ಕೆಲವು ನೂರಕ್ಕೆ ನಿಲ್ಲುತ್ತಿತ್ತು. ಸರ್ಕಾರವೂ ತನ್ನ ಹೊಣೆ ನೀಗಿತೆಂದು ನಿಶ್ಚಿಂತೆಯಿಂದಿರುತ್ತಿತ್ತು. ಮಂಡಳಿಯ ಆಸ್ತಿಯಾಗಿ ಶಾಲೆ ನಿಂತ ಮೇಲೆ ಅದಕ್ಕೆ ಶಿಕ್ಷಕರನ್ನು ಕೊಡುವುದಿಲ್ಲವೆನ್ನುವುದು ಅಷ್ಟು ಸುಲಭವಲ್ಲ. ದಾನವು ರಾಜ್ಯದ ಕರ್ತವ್ಯಕ್ಕೆ ಬದಲಿಯಾಗದೆ ಆ ಕರ್ತವ್ಯವನ್ನು ಎಚ್ಚರಿಸಿತು. ಈ ಯೋಜನೆಯ ನಿಜವಾದ ಹಿರಿಮೆಯನ್ನು ನಾನು ಇಲ್ಲಿ ಕಾಣುತ್ತೇನೆ. 2011ರಲ್ಲಿ ಡೇನಿಯಲ್ ಆರನ್ಸನ್ ಮತ್ತು ಭಾಸ್ಕರ್ ಮಜುಂದಾರ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವು ಹಾಜರಾತಿ, ಅಕ್ಷರಜ್ಞಾನ, ಓದಿದ ವರ್ಷಗಳು ಎಲ್ಲದರಲ್ಲಿಯೂ ಈ ಶಾಲೆಗಳ ಪರಿಣಾಮವನ್ನು ತೋರಿಸಿಕೊಟ್ಟಿದೆ. ಮುಂದೆ ನಾಗರಿಕ ಹಕ್ಕುಗಳ ಹೋರಾಟದ ಮುಂಚೂಣಿಯಲ್ಲಿದ್ದ ಜಾನ್ ಲೂಯಿಸರು ಬಾಲ್ಯದಲ್ಲಿ ಓದಿದ್ದು ಅಲಬಾಮದ ಇಂಥ ಒಂದು ಶಾಲೆಯಲ್ಲಿ.

ವಿಧಾನದ ವಿಚಾರ ಇಷ್ಟಕ್ಕೇ ಮುಗಿಯುವುದಿಲ್ಲ. ತೀರ್ಮಾನ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲ ವರ್ಷಗಳಲ್ಲಿ ಕೆಲಸವೆಲ್ಲ ಟಸ್ಕೀಗಿಯದು. ಊರೂರು ಸುತ್ತಿ ಜನರನ್ನು ಒಗ್ಗೂಡಿಸಿದವರು ಕ್ಲಿಂಟನ್ ಕ್ಯಾಲೊವೇ. ಕಟ್ಟಡದ ನಕ್ಷೆಗಳ ಹೊಣೆ ಹೊತ್ತವರಲ್ಲಿ ಪ್ರಮುಖರು ಟಸ್ಕೀಗಿಯ ವಾಸ್ತುಶಿಲ್ಪಿ ರಾಬರ್ಟ್ ಟೇಲರ್. ಇಬ್ಬರೂ ಕಪ್ಪು ಜನಾಂಗದವರು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಮಕ್ಕಳ ಪುಸ್ತಕದ ಮೇಲೆ ಬೆಳಕು ಬೀಳುವಂತೆ ಸಾಲುಸಾಲಾಗಿ ದೊಡ್ಡ ಕಿಟಕಿಗಳನ್ನಿಟ್ಟದ್ದು, ಊರ ಸಭೆಗೆ ಅನುಕೂಲವಾಗಲೆಂದು ಕೋಣೆಗಳ ನಡುವೆ ಸರಿಸಬಹುದಾದ ಅಡ್ಡತಡಿಕೆಗಳನ್ನಿಟ್ಟದ್ದು ಈ ಶಾಲೆಗಳ ವೈಶಿಷ್ಟ್ಯ. 1915ರಲ್ಲಿ ವಾಷಿಂಗ್ಟನ್ನರು ತೀರಿಕೊಂಡರು. 1920ರಲ್ಲಿ ನಿಧಿಯು ಆಡಳಿತವನ್ನು ಟಸ್ಕೀಗಿಯಿಂದ ತೆಗೆದು, ನ್ಯಾಶ್‌ವಿಲ್‌ನಲ್ಲಿ ಹೊಸ ಕಚೇರಿ ತೆರೆದು, ಸ್ಯಾಮ್ಯುಯೆಲ್ ಸ್ಮಿತ್ ಎಂಬ ಬಿಳಿಯ ಅಧಿಕಾರಿಗೆ ಒಪ್ಪಿಸಿತು. ಸ್ಮಿತ್ತರು ದಕ್ಷರೇ, ಬಹುಸಂಖ್ಯೆಯ ಶಾಲೆಗಳು ನಿಂತದ್ದು ಅವರ ಕಾಲದಲ್ಲೇ. ಆದರೂ ಹಣ ಕೂಡಿಸುವವರು, ಬೆವರು ಸುರಿಸುವವರು ಒಂದು ಜನಾಂಗದವರು, ಕಡತಕ್ಕೆ ಸಹಿ ಹಾಕುವವರು ಇನ್ನೊಂದು ಜನಾಂಗದವರು ಎಂಬ ಸ್ಥಿತಿ ಉಂಟಾಯಿತಲ್ಲ! ದಕ್ಷತೆ ಬೇಕಿದ್ದರೆ ಟಸ್ಕೀಗಿಗೆ ಗುಮಾಸ್ತರನ್ನೂ ಲೆಕ್ಕಿಗರನ್ನೂ ಒದಗಿಸಬಹುದಿತ್ತು. ಸಮಾನತೆಗಾಗಿ ಕೊಟ್ಟ ದಾನದೊಳಗೇ ಅಸಮಾನತೆ ಹೀಗೆ ಮನೆಮಾಡಿತು.

ಕಪ್ಪುಜನರ ಮುಖಂಡರಲ್ಲಿಯೂ ಭಿನ್ನಮತವಿತ್ತು. ರಾಜಕೀಯ ಹಕ್ಕುಗಳನ್ನು ಹಿಂದಿಟ್ಟು ಕಸುಬಿನ ಶಿಕ್ಷಣವನ್ನು ಮುಂದಿಟ್ಟ ವಾಷಿಂಗ್ಟನ್ನರ ಮಾರ್ಗವನ್ನು ಡು ಬಾಯ್ಸರು 1903ರಲ್ಲೇ ಖಂಡಿಸಿದ್ದರು. ಮತವಿಲ್ಲದವನ ಶಾಲೆಯನ್ನು ಯಾರೂ ರಕ್ಷಿಸಲಾರರೆಂಬ ಅವರ ವಾದದ ತಿರುಳನ್ನು ಮುಂದಿನ ದಶಕಗಳು ಸಮರ್ಥಿಸಿದವು. ನಿಧಿಯು 1928ರಿಂದ 1948ರವರೆಗೆ ಕೊಟ್ಟ ವಿದ್ಯಾರ್ಥಿವೇತನಗಳು ಈ ಎರಡನೆಯ ದಾರಿಗೂ ನೆರವಾದವೆಂಬುದು ಗಮನಾರ್ಹ. ಪಡೆದವರಲ್ಲಿ ಸ್ವತಃ ಡು ಬಾಯ್ಸರಿದ್ದರು. ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳಿದ್ದರು. ಕಪ್ಪು ಮಕ್ಕಳ ಮನಸ್ಸಿನ ಮೇಲೆ ಪ್ರತ್ಯೇಕತೆಯ ಪರಿಣಾಮವನ್ನು ಬೊಂಬೆಗಳ ಮೂಲಕ ಪರೀಕ್ಷಿಸಿದವರು ಇವರು. 1954ರಲ್ಲಿ ಪ್ರತ್ಯೇಕ ಶಾಲೆಗಳನ್ನು ಅಸಂವಿಧಾನಿಕವೆಂದು ಸಾರಿದ ತೀರ್ಪು ಕೆನೆತ್ ಕ್ಲಾರ್ಕರ ಬರಹವನ್ನು ಉಲ್ಲೇಖಿಸಿತು.

ಶಾಶ್ವತ ನಿಧಿಗಳನ್ನು ರೋಸೆನ್‌ವಾಲ್ಡರು ಒಪ್ಪುತ್ತಿರಲಿಲ್ಲ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದಲೇ ಧರ್ಮಕಾರ್ಯ ನಡೆಸಬೇಕೆಂಬ ನಮ್ಮ ದತ್ತಿಗಳ ನಿಯಮಕ್ಕೆ ಇದು ನೇರ ವಿರುದ್ಧ. ಪ್ರತಿಯೊಂದು ಪೀಳಿಗೆಯೂ ತನ್ನ ಅಗತ್ಯವನ್ನು ತಾನೇ ಅರಿಯಬಲ್ಲದೆಂದು 1929ರಲ್ಲಿ ಲೇಖನ ಬರೆದು ವಾದಿಸಿದರು. ತಮ್ಮ ಮರಣದ 25 ವರ್ಷಗಳೊಳಗೆ ನಿಧಿಯನ್ನೆಲ್ಲ ಖರ್ಚು ಮಾಡಬೇಕೆಂದು ವಿಧಿಸಿದರು. 1932ರಲ್ಲಿ ಅವರು ತೀರಿಕೊಂಡರು, 1948ರಲ್ಲಿ ನಿಧಿ ಮುಚ್ಚಿತು. ಈ ವಿಚಾರ ಮೆಚ್ಚತಕ್ಕದ್ದು. ಆದರೆ ನಿಧಿಯ ಆಸ್ತಿಯೆಲ್ಲ ಬಹುಮಟ್ಟಿಗೆ ಒಂದೇ ಸಂಸ್ಥೆಯ ಷೇರುಗಳಲ್ಲಿತ್ತು. 1929ರ ಷೇರುಪೇಟೆಯ ಕುಸಿತದಲ್ಲಿ ಬೆಲೆ ನೆಲಕಚ್ಚಿತು. ವರ್ತಕರಾಗಿ ಅವರು ಮುಂಗಾಣಬೇಕಾಗಿದ್ದ ಅಪಾಯವಿದು.

ಇದರ ಬೆಲೆ ತೆತ್ತವರು ಬೇರೆಯವರು. ದಕ್ಷಿಣದ ಆರು ಜಿಲ್ಲೆಗಳಲ್ಲಿ ಕಪ್ಪುಜನರಿಗೆ ಸಿಫಿಲಿಸ್ ರೋಗದ ತಪಾಸಣೆ ಚಿಕಿತ್ಸೆಗಳನ್ನು ಒದಗಿಸುವ ಯೋಜನೆಯೊಂದಕ್ಕೆ ನಿಧಿಯು ಹಣ ಕೊಡುತ್ತಿತ್ತು. ಟಸ್ಕೀಗಿ ಇರುವ ಮೇಕನ್ ಜಿಲ್ಲೆ ಅವುಗಳಲ್ಲೊಂದು. ಹಣ ಕುಗ್ಗಿದಾಗ ನಿಧಿಯು ಹಿಂದೆ ಸರಿಯಿತು. ಚಿಕಿತ್ಸೆ ನಿಂತ ಆ ಜಿಲ್ಲೆಯಲ್ಲೇ 1932ರಲ್ಲಿ ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯು, ರೋಗಿಗಳಿಗೆ ತಿಳಿಸದೆ, ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ಸುಮ್ಮನೆ ನೋಡುವ ಅಧ್ಯಯನವನ್ನು ಆರಂಭಿಸಿತು. ಅದು 1972ರವರೆಗೆ ನಡೆಯಿತು. ಆ ಪಾಪ ನಿಧಿಯದಲ್ಲ. ಆದರೆ ಜನರ ನಂಬಿಕೆಯನ್ನು ಗಳಿಸಿ, ಅವರ ರಕ್ತಪರೀಕ್ಷೆ ಮಾಡಿಸಿ, ರೋಗಿಗಳು ಯಾರೆಂಬ ತಿಳುವಳಿಕೆಯನ್ನು ಇಲಾಖೆಯ ಕೈಯಲ್ಲಿಟ್ಟು, ಅವರ ಗತಿಯೇನೆಂದು ವಿಚಾರಿಸದೆ ಎದ್ದುಹೋದದ್ದು ನಿಧಿಯ ಲೆಕ್ಕಕ್ಕೇ ಸೇರಬೇಕು.

ಶಾಲೆಗಳಿಗೂ ಇಂಥದೇ ಒಂದು ಕಥೆಯಿದೆ. 1954ರ ತೀರ್ಪಿನ ನಂತರ, ಎರಡೂ ಜನಾಂಗದ ಮಕ್ಕಳು ಕ್ರಮೇಣ ಒಂದೇ ಶಾಲೆಗೆ ಬರುವಂತಾದಾಗ, ಮುಚ್ಚಿಹೋದದ್ದು ಹೆಚ್ಚಾಗಿ ಕಪ್ಪುಜನರ ಶಾಲೆಗಳು. ಷರತ್ತಿನಂತೆ ಅವುಗಳ ಹಕ್ಕುಪತ್ರ ಮಂಡಳಿಗಳ ಹೆಸರಿನಲ್ಲಿತ್ತು. ನಿವೇಶನ ಕೊಟ್ಟವರಿಗೂ ದಿಮ್ಮಿ ಹೊತ್ತವರಿಗೂ ಅವುಗಳ ಮೇಲೆ ಕಾಯಿದೆಯ ಅಧಿಕಾರವಿರಲಿಲ್ಲ. ಸಾವಿರಾರು ಕಟ್ಟಡಗಳು ಪಾಳುಬಿದ್ದು ಹೋದವು. 2002ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಮಾರಕ ಸಂರಕ್ಷಣಾ ಸಂಸ್ಥೆಯು ಇವನ್ನು ಅಳಿವಿನಂಚಿನ ತಾಣಗಳ ಪಟ್ಟಿಗೆ ಸೇರಿಸಿತು. ಉಳಿದುಬಂದ ಕೆಲವು ನೂರು ಕಟ್ಟಡಗಳಲ್ಲಿ ಹಲವನ್ನು ಉಳಿಸಿಕೊಂಡವರು ಅಲ್ಲಿಯೇ ಓದಿದವರು, ಅವರ ಮಕ್ಕಳು. ಮತ್ತೊಮ್ಮೆ ವಂತಿಗೆ ಕೂಡಿಸಿ.