ಕೆಡವಿದರೆ ಕಟ್ಟೋ ಹಾಗಿಲ್ಲ

ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದಾಗ ನಮ್ಮ ಕಡೆಯವರೆಲ್ಲ ಹಿಗ್ಗಿದ್ವಿ. ಆ ಗುಡಿಗಳ ಪಕ್ಕದಲ್ಲೇ ಜನ ವಾಸ ಮಾಡೋ ಹಳೇ ಮನೆಗಳಿವೆ ಅನ್ನೋದು ಮಾತ್ರ ಯಾವ ಭಾಷಣದಲ್ಲೂ ಕೇಳಲಿಲ್ಲ.

2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅರಸೀಕೆರೆಯ ಈಶ್ವರ ದೇವಸ್ಥಾನದ ಸುತ್ತಲೂ ಇದೇ ಲೆಕ್ಕ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. 1992ರ ಜೂನ್ 16ಕ್ಕೆ ಮುಂಚಿನ ಮನೆಯಾದರೆ ರಿಪೇರಿಗೆ ಅರ್ಜಿ ಹಾಕಬಹುದು. ಈ ಕಾನೂನು ಬೇಕು. ಇಲ್ಲದಿದ್ದರೆ ಗುಡಿಗೆ ಒರಗಿಕೊಂಡೇ ಲಾಡ್ಜ್ ಎದ್ದಿರ್ತಿತ್ತು.

ನನ್ನ ತಕರಾರು ಬೇರೆ. ಬೀಳುವಂತಿರೋ ಕಟ್ಟಡದ ಮಾಲೀಕನಿಗೆ ನೋಟಿಸ್ ಕೊಡೋ ಅಧಿಕಾರ ಪುರಸಭೆಗಿದೆ. ಆದರೆ ನಿಷೇಧಿತ ಪ್ರದೇಶದಲ್ಲಿ ರಿಪೇರಿಗೆ ಅವಕಾಶ ಉಂಟು, ಕೆಡವಿ ಮತ್ತೆ ಕಟ್ಟೋಕೆ ಇಲ್ಲ. ಹಾಗಿದ್ದ ಮೇಲೆ ನಮ್ಮ ಗೋಡೆ ವಾಲಿದೆ ಅಂತ ಯಾರು ತಾನೇ ಹೋಗಿ ಹೇಳ್ತಾರೆ? ಮಣ್ಣುಗೋಡೆ ಬುಡದಲ್ಲಿ ನೀರು ಕುಡಿದು ಹೊಟ್ಟೆ ಬಿಟ್ಟಿರುತ್ತೆ. ಅದರ ಮೇಲೆ ಸಿಮೆಂಟ್ ಮೆತ್ತುತ್ತಾರೆ. ನೋಡೋಕೆ ಗಟ್ಟಿ, ಒಳಗಿನ ತೇವ ಆರದೆ ಮಣ್ಣು ಇನ್ನಷ್ಟು ಸಡಿಲ ಆಗುತ್ತೆ.

ಬಿದ್ದ ಮೇಲೆ ಸರ್ಕಾರ ಚುರುಕು. 2019ರ ನೆರೆಯಲ್ಲಿ ಹಾನಿಯಾದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ಪೂರ್ತಿ ಬಿದ್ದವಕ್ಕೆ 5 ಲಕ್ಷ ಕೊಟ್ಟರು. ಅದೇ ಎ, ಬಿ, ಸಿಯನ್ನು ಮುಂಗಾರಿಗೆ ಮುಂಚೆ, ಮನೆ ನಿಂತಿರುವಾಗಲೇ ಹಾಕೋದಕ್ಕೆ ಏನಡ್ಡಿ? ಎಂಜಿನಿಯರ್ ನೋಡಿ ಅಪಾಯ ಅಂದ ಮನೆಯನ್ನು ಅದೇ ಅಳತೆ, ಅದೇ ಎತ್ತರದಲ್ಲಿ ಮತ್ತೆ ಕಟ್ಟಿಕೊಳ್ಳೋಕೆ ಬಿಟ್ಟರೆ ಗುಡಿಗೇನೂ ಮರೆಯಾಗಲ್ಲ.